ಗಡಿನಾಡಿನ ಕನ್ನಡ ಕೆಲಸಕ್ಕೆ ಅನುದಾನ: ಎಲ್ಲಿ ಕೇಳುವುದು, ಹೇಗೆ ಕೇಳುವುದು

ಕಾಸರಗೋಡಿನ ಕನ್ನಡ ಸಂಘಗಳಿಗೆ ಎರಡು ಸರ್ಕಾರಗಳ ಹಣ ಬರುತ್ತದೆ ಎಂದು ಬೆಂಗಳೂರು, ಮೈಸೂರು ಕಡೆಯ ಎಷ್ಟೋ ಜನ ನಂಬಿದ್ದಾರೆ. ಇಲ್ಲಿ ಓಡಾಡಿದವರಿಗೆ ಗೊತ್ತು, ಸಂಗತಿ ಹಾಗಿಲ್ಲ. ಇತ್ತ ಕೇಳಿದರೆ "ಕನ್ನಡದ ಕೆಲಸ ಅಲ್ವಾ, ಕರ್ನಾಟಕದಲ್ಲಿ ಕೇಳಿ" ಅನ್ನುತ್ತಾರೆ. ಅತ್ತ ಹೋದರೆ "ನಿಮ್ಮ ಸಂಘ ಕೇರಳದ್ದಲ್ವಾ" ಅನ್ನುತ್ತಾರೆ. ಕೊನೆಗೆ ಗಡಿಯ ತಲಪಾಡಿ ದಾಟಿದ ಬಸ್ ಟಿಕೆಟ್ ಮಾತ್ರ ಕೈಯಲ್ಲಿ ಉಳಿಯುತ್ತದೆ.

ಹಾಗಂತ ಹಣವೇ ಇಲ್ಲ ಅಂತಲ್ಲ. ಇದೆ. ಆದರೆ 'ಕನ್ನಡ ಕೆಲಸ' ಅನ್ನುವ ಹೆಸರಿನಲ್ಲಿ ಒಂದೇ ಕಡೆ ಗಂಟು ಕಟ್ಟಿ ಇಟ್ಟಿಲ್ಲ. ಗ್ರಂಥಾಲಯದ ಲೆಕ್ಕದಲ್ಲಿ ಸ್ವಲ್ಪ, ಶಾಲೆಯ ಲೆಕ್ಕದಲ್ಲಿ ಸ್ವಲ್ಪ, ಕಲೆಯ ಲೆಕ್ಕದಲ್ಲಿ ಸ್ವಲ್ಪ, ಕಂಪನಿಗಳ ಸಿಎಸ್‌ಆರ್‌ನಲ್ಲಿ (ಅವು ಸಾಮಾಜಿಕ ಕೆಲಸಕ್ಕೆ ತೆಗೆದಿಡುವ ಹಣ) ಸ್ವಲ್ಪ ಎಂದು ಚದುರಿಕೊಂಡಿದೆ. ಅದಕ್ಕೇ, ಗಡಿನಾಡಿನಲ್ಲಿ ಅನುದಾನ ಹುಡುಕುವವರು ಅರ್ಜಿ ಬರೆಯುವ ಮೊದಲು ತಮ್ಮ ಯೋಜನೆಯನ್ನು ತುಂಡು ಮಾಡಲು ಕಲಿಯಬೇಕು. ಯಾವ ತುಂಡು ಯಾವ ಬಾಗಿಲಿಗೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಊರಿನ ಕಥೆ, ಹಾಡು, ತಾಳಮದ್ದಳೆ ರೆಕಾರ್ಡ್ ಮಾಡುವವರು, ಕನ್ನಡ ಮಾಧ್ಯಮದ ಮಕ್ಕಳಿಗೆ ಆಡಿಯೋ ವಿಡಿಯೋ ಪಾಠ ಮಾಡುವವರು, ವಾಚನಾಲಯ ನಡೆಸುವವರು, ಸಮುದಾಯ ಬಾನುಲಿಯ (ಊರವರೇ ನಡೆಸುವ ರೇಡಿಯೋ) ಕನಸು ಇರುವವರು, ಇವರಿಗೆಲ್ಲ ಈ ಬರಹ. ಲಾಭಕ್ಕಾಗಿ ಚಾನೆಲ್ ನಡೆಸುವವರಿಗೆ ಇದರಿಂದ ಪ್ರಯೋಜನ ಕಡಿಮೆ.

ಹೆಜ್ಜೆ 1: ಯೋಜನೆಯನ್ನು ತುಂಡು ಮಾಡಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬದಿಯಡ್ಕದ ಕಡೆಯ ಒಂದು ವಾಚನಾಲಯ. ಊರಿನ ಹಿರಿಯರಿಂದ ಕಥೆ, ಹಾಡು, ಯಕ್ಷಗಾನದ ಪದ, ಹಳೇ ಶಾಲೆಯ ನೆನಪು ಇವನ್ನೆಲ್ಲ ರೆಕಾರ್ಡ್ ಮಾಡಬೇಕು. ಅದನ್ನು ಹತ್ತು ನಿಮಿಷದ ಕಂತುಗಳಾಗಿ ಮಾಡಿ ಸುತ್ತಲಿನ ಹತ್ತು ಕನ್ನಡ ಶಾಲೆಗಳಲ್ಲಿ ಮಕ್ಕಳಿಗೆ ಕೇಳಿಸಬೇಕು. ಜೊತೆಗೆ ಮೇಷ್ಟ್ರುಗಳಿಗೆ ಒಂದು ಸಣ್ಣ ಕೈಪಿಡಿ.

ಹೆಚ್ಚಿನವರು ಇಲ್ಲಿ ಒಟ್ಟು ಮೊತ್ತ ಬರೆದು ಎಲ್ಲ ಕಡೆ ಅದೇ ಅರ್ಜಿ ಹಾಕುತ್ತಾರೆ. ಅದರ ಬದಲು ಒಂದು ಹಾಳೆಯಲ್ಲಿ ಖರ್ಚನ್ನು ಬಿಡಿಸಿ ಬರೆಯಿರಿ. ರೆಕಾರ್ಡರು, ಮೈಕು, ಹೆಡ್‌ಫೋನು 40,000 ರೂಪಾಯಿ. ಎಡಿಟಿಂಗಿಗೆ ಕಂಪ್ಯೂಟರು 60,000. ಶಾಲೆಗೊಂದು ಸ್ಪೀಕರು, ತಲಾ 4,000ದಂತೆ 40,000. ಕಲಾವಿದರಿಗೆ ಮತ್ತು ಕಥೆ ಹೇಳುವವರಿಗೆ ಗೌರವಧನ 50,000. ಓಡಾಟ 24,000. ಕೈಪಿಡಿ ಮುದ್ರಣ 30,000. ಎಡಿಟಿಂಗ್ ಮಾಡುವ ಹುಡುಗನಿಗೋ ಹುಡುಗಿಗೋ ತಿಂಗಳಿಗೆ 8,000, ವರ್ಷಕ್ಕೆ 96,000. ಒಟ್ಟು 3,40,000 ರೂಪಾಯಿ. ಈ ಬೆಲೆಗಳು ಅಂದಾಜು. ನಿಮ್ಮ ಅರ್ಜಿಗೆ ಅಂಗಡಿಯಿಂದ ಕೊಟೇಶನ್ ತಂದೇ ಬರೆಯಬೇಕು.

ಈಗ ಹಾಳೆಯನ್ನು ಇನ್ನೊಮ್ಮೆ ನೋಡಿ. ಕಂಪ್ಯೂಟರು, ಸ್ಪೀಕರು ಕಣ್ಣಿಗೆ ಕಾಣುವ ವಸ್ತು. ಪಂಚಾಯತು, ಜನಪ್ರತಿನಿಧಿಗಳ ನಿಧಿ, ಕಂಪನಿಗಳು ಇಂಥದ್ದಕ್ಕೆ ಬೇಗ ಒಪ್ಪುತ್ತವೆ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ ಇದ್ದರೂ ಅದು ಬಾಳಿಕೆ ಬರುವ ಆಸ್ತಿಗೆ ಮಾತ್ರ. ಗೌರವಧನ, ಓಡಾಟ ಸಂಸ್ಕೃತಿ ಇಲಾಖೆಗಳ ಲೆಕ್ಕಕ್ಕೆ ಹೊಂದುತ್ತವೆ. ಕೈಪಿಡಿಯನ್ನು ಊರಿನ ಸಹಕಾರಿ ಬ್ಯಾಂಕು ಹೊತ್ತುಕೊಳ್ಳಬಹುದು, ಹಿಂಬದಿಯ ರಕ್ಷಾಪುಟದಲ್ಲಿ ಅದರ ಹೆಸರು ಹಾಕಿದರಾಯಿತು. ಉಳಿಯುವುದು ಆ 96,000. ಸಂಬಳ ಕೊಡಲು ಯಾರಿಗೂ ಇಷ್ಟವಿಲ್ಲ. ಗಡಿನಾಡಿನ ಹೆಚ್ಚಿನ ಯೋಜನೆಗಳು ಸಾಯುವುದು ಈ ಒಂದು ಸಾಲಿನಲ್ಲಿ. ಮೈಕು ಕಪಾಟಿನಲ್ಲಿರುತ್ತದೆ, ಹಿಡಿಯುವವರು ಇರುವುದಿಲ್ಲ. ಹಾಗಾಗಿ ಊರವರಿಂದ, ಹಳೇ ವಿದ್ಯಾರ್ಥಿಗಳಿಂದ ಬರುವ ದೇಣಿಗೆಯನ್ನು ಉಪಕರಣಕ್ಕೆ ಖರ್ಚು ಮಾಡಬೇಡಿ. ಷರತ್ತಿಲ್ಲದ ಹಣ ಅದೊಂದೇ. ಅದನ್ನು ಕೆಲಸ ಮಾಡುವವರಿಗೆ ಮೀಸಲಿಡಿ.

ತುಂಡು ಮಾಡುವಾಗ ಮೀರಲೇಬಾರದ ನಿಯಮ ಒಂದಿದೆ. ಒಂದೇ ಬಿಲ್ಲನ್ನು ಇಬ್ಬರಿಗೆ ತೋರಿಸಬಾರದು. ಪ್ರತಿ ಬಿಲ್ಲಿನ ಹಿಂದೆ ಯಾವ ಅನುದಾನದಿಂದ ಪಾವತಿಯಾಯಿತು ಎಂದು ಪೆನ್ನಿನಲ್ಲೇ ಬರೆದಿಡಿ. ಅರ್ಜಿಯಲ್ಲೂ "ಯೋಜನೆಯ ಈ ಭಾಗಕ್ಕೆ ಇಂಥವರ ನೆರವು ಕೇಳಿದ್ದೇವೆ" ಎಂದು ಮುಚ್ಚುಮರೆ ಇಲ್ಲದೆ ಹೇಳಿ. ಬೇರೆಯವರೂ ನಂಬಿ ಹಣ ಹಾಕುತ್ತಿದ್ದಾರೆ ಎಂದು ಗೊತ್ತಾದರೆ ಕೊಡುವವರಿಗೂ ಧೈರ್ಯ ಬರುತ್ತದೆ.

ಹೆಜ್ಜೆ 2: ಕಾಗದಪತ್ರ

ಇದು ಬೇಸರದ ಭಾಗ. ಆದರೆ ಅರ್ಜಿಗಳು ಜಾಸ್ತಿ ಬೀಳುವುದು ಇಲ್ಲೇ.

ಕಾಸರಗೋಡು 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆ ಹಳೇ ಗುರುತು ಸಂಘ ನೋಂದಣಿಯಲ್ಲಿ ಇನ್ನೂ ಉಳಿದಿದೆ. ತಿರುವನಂತಪುರ, ಕೊಚ್ಚಿ ಕಡೆ ತಿರುವಾಂಕೂರು-ಕೊಚ್ಚಿಯ 1955ರ ಕಾಯ್ದೆ ನಡೆಯುತ್ತದೆ. ಮಲಬಾರ್ ಭಾಗದಲ್ಲಿ, ಅಂದರೆ ನಮ್ಮಲ್ಲಿ, 1860ರ ಸಂಘಗಳ ನೋಂದಣಿ ಕಾಯ್ದೆ. ಕನಿಷ್ಠ ಏಳು ಸದಸ್ಯರು ಬೇಕು. ಜಿಲ್ಲಾ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ. ಪ್ರತಿ ವರ್ಷ ಆಡಳಿತ ಸಮಿತಿಯ ಪಟ್ಟಿ ಸಲ್ಲಿಸಬೇಕು. ಇದನ್ನು ಮರೆತ ಕ್ಲಬ್ಬುಗಳಿಗೆ ಲೆಕ್ಕವಿಲ್ಲ.

ಬೈಲಾದ ಉದ್ದೇಶಗಳಲ್ಲಿ ಏನಿದೆ ಎಂದು ಓದಿ. "ಕಲೆ ಮತ್ತು ಕ್ರೀಡೆಯ ಅಭಿವೃದ್ಧಿ" ಎಂದು ಮಾತ್ರ ಇದ್ದರೆ ಶೈಕ್ಷಣಿಕ ಧ್ವನಿಮುದ್ರಣಕ್ಕೆ ಹಣ ಕೇಳುವಾಗ ತೊಡಕಾಗುತ್ತದೆ. ಶಿಕ್ಷಣ, ಗ್ರಂಥಾಲಯ, ದೃಶ್ಯ-ಶ್ರವ್ಯ ನಿರ್ಮಾಣ, ಭಾಷೆ ಮತ್ತು ಜನಪದದ ದಾಖಲಾತಿ ಎಂಬ ಮಾತುಗಳು ಇರಲಿ. ಇಲ್ಲದಿದ್ದರೆ ಮಹಾಸಭೆ ಕರೆದು ತಿದ್ದುಪಡಿ ಮಾಡಿ.

ನಂತರ ಸಂಘದ ಹೆಸರಿನ ಪ್ಯಾನ್, ಇಬ್ಬರು ಸಹಿ ಹಾಕುವ ಬ್ಯಾಂಕ್ ಖಾತೆ, ಮೂರು ವರ್ಷದ ಆಡಿಟ್ ವರದಿ. ಕೇಂದ್ರ ಸರ್ಕಾರದ ಯಾವುದೇ ಅನುದಾನಕ್ಕೆ ನೀತಿ ಆಯೋಗದ 'ಎನ್‌ಜಿಒ ದರ್ಪಣ್' ಪೋರ್ಟಲಿನ ಗುರುತುಸಂಖ್ಯೆ ಬೇಕು. ಎಲ್ಲರೂ 12ಎ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ) ಎಂದು ಕರೆಯುವ ಆದಾಯ ತೆರಿಗೆ ನೋಂದಣಿ ಇದ್ದರೆ ದಾನಿಗಳಿಗೂ ಅನುಕೂಲ, ಕಂಪನಿಗಳ ಹಣಕ್ಕೂ ದಾರಿ.

ಇನ್ನು ಒಂದು ಸಣ್ಣ ವಿಷಯ. ಇದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ನಮ್ಮ ಊರುಗಳ ಹೆಸರನ್ನು ಕನ್ನಡದಲ್ಲಿ ಒಂದು ರೀತಿ, ಮಲಯಾಳದಲ್ಲಿ ಒಂದು ರೀತಿ, ಇಂಗ್ಲಿಷಿನಲ್ಲಿ ಮೂರು ರೀತಿ ಬರೆಯುತ್ತಾರೆ. ನೋಂದಣಿ ಪತ್ರದಲ್ಲಿ ಮಂಜೇಶ್ವರ, ಪ್ಯಾನಿನಲ್ಲಿ ಮಂಜೇಶ್ವರಂ. ಬ್ಯಾಂಕಿನಲ್ಲಿ ಕುಂಬಳೆ, ಆಡಿಟ್ ವರದಿಯಲ್ಲಿ ಕುಂಬ್ಲ. ಸಂಘದ ಹೆಸರಿನಲ್ಲೇ ಊರಿದ್ದರೆ ಮುಗಿಯಿತು. ದರ್ಪಣ್ ಪೋರ್ಟಲಿಗೆ ಪ್ಯಾನಿನ ಹೆಸರು ಹೊಂದುವುದಿಲ್ಲ, ಅರ್ಜಿ ಅಲ್ಲೇ ನಿಲ್ಲುತ್ತದೆ. ಹೊಸದಾಗಿ ನೋಂದಣಿ ಮಾಡುವವರು ಮೊದಲ ದಿನವೇ ಇಂಗ್ಲಿಷ್ ಅಕ್ಷರಗಳನ್ನು ಸಭೆಯಲ್ಲಿ ನಿರ್ಣಯಿಸಿ ಮಿನಿಟ್ಸ್ ಪುಸ್ತಕದಲ್ಲಿ ಬರೆಯಿರಿ. ಅಕ್ಷಯ ಕೇಂದ್ರದಲ್ಲಿ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಅರ್ಜಿ ತುಂಬಿಸುವಾಗಲೂ ಪಕ್ಕದಲ್ಲಿ ಕೂತು ಒಂದೊಂದು ಅಕ್ಷರ ನೋಡಿ.

ನಿಮ್ಮದು ನೋಂದಣಿ ಇಲ್ಲದ ಗೆಳೆಯರ ಗುಂಪೇ? ಹೊಸ ಸಂಘ ಕಟ್ಟಲು ಓಡಬೇಡಿ. ಮೂರು ವರ್ಷದ ಲೆಕ್ಕ ಇಲ್ಲದ ಹೊಸ ಸಂಘಕ್ಕೆ ದೊಡ್ಡ ಅನುದಾನ ಹೇಗೂ ಸಿಗುವುದಿಲ್ಲ. ಊರಿನಲ್ಲಿ ಲೆಕ್ಕ ಸರಿಯಿರುವ ಒಂದು ವಾಚನಾಲಯವೋ ಟ್ರಸ್ಟೋ ಇದ್ದೇ ಇರುತ್ತದೆ. ಅವರ ಹೆಸರಿನಲ್ಲಿ ಅರ್ಜಿ, ಕೆಲಸ ನಿಮ್ಮದು ಎಂದು ಲಿಖಿತ ಒಪ್ಪಂದ ಮಾಡಿಕೊಳ್ಳಿ. ಲಿಖಿತ ಎಂಬುದು ಮುಖ್ಯ. ನೆಂಟರಾದರೂ ಸರಿ.

ಹೆಜ್ಜೆ 3: ಹತ್ತಿರದ ಬಾಗಿಲುಗಳಿಂದ ಶುರು

ನಮ್ಮವರು ಬೆಂಗಳೂರಿಗೆ ಅರ್ಜಿ ಹಾಕುವಷ್ಟು ಉತ್ಸಾಹವನ್ನು ಪಂಚಾಯತಿನ ಮೇಲೆ ತೋರಿಸುವುದಿಲ್ಲ. ನನ್ನ ಪ್ರಕಾರ ಇದು ತಿರುಗಾಮುರುಗಾ ಆಗಬೇಕು.

ಮೊದಲನೆಯದು ಗ್ರಂಥಾಲಯ. ಕೇರಳದಲ್ಲಿ ವಾಚನಾಲಯ ಚಳವಳಿಗೆ ಇರುವಷ್ಟು ಗಟ್ಟಿ ವ್ಯವಸ್ಥೆ ಬೇರೆ ಕಡೆ ಕಡಿಮೆ. 1989ರ ಕಾಯ್ದೆಯಡಿ ರಾಜ್ಯ ಲೈಬ್ರರಿ ಕೌನ್ಸಿಲ್, ಅದರ ಕೆಳಗೆ ಜಿಲ್ಲಾ ಮತ್ತು ತಾಲೂಕು ಕೌನ್ಸಿಲ್‌ಗಳಿವೆ. ನಾವು ಕಟ್ಟುವ ಕಟ್ಟಡ ತೆರಿಗೆಯ ಜೊತೆಗೆ ಗ್ರಂಥಾಲಯ ಸೆಸ್ಸೂ ಹೋಗುತ್ತದೆ. ಅಂದರೆ ಅದು ನಮ್ಮದೇ ಹಣ. ಕೌನ್ಸಿಲಿಗೆ ಸೇರ್ಪಡೆಯಾದ ಗ್ರಂಥಾಲಯಕ್ಕೆ ದರ್ಜೆ ಸಿಗುತ್ತದೆ, ದರ್ಜೆಯ ಪ್ರಕಾರ ವಾರ್ಷಿಕ ಅನುದಾನ. ಪುಸ್ತಕಗಳ ಸಂಖ್ಯೆ, ಸದಸ್ಯರು, ವರ್ಷವಿಡೀ ನಡೆಸಿದ ಕಾರ್ಯಕ್ರಮ, ರಿಜಿಸ್ಟರುಗಳು, ಎಲ್ಲವನ್ನೂ ಬಂದು ನೋಡುತ್ತಾರೆ. ಕನ್ನಡ ಪುಸ್ತಕಗಳ ವಾಚನಾಲಯವೂ ಸೇರಬಹುದು. ಒಮ್ಮೆ ಸೇರಿದರೆ ಅದೊಂದು ಗುರುತಿನ ಚೀಟಿ. ಪಂಚಾಯತಿನ ಗ್ರಂಥಾಲಯ ಯೋಜನೆಗಳು ಬರುವಾಗ ನಿಮ್ಮ ಹೆಸರು ಪಟ್ಟಿಯಲ್ಲಿರುತ್ತದೆ. ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ 1972ರಿಂದ ಸಾರ್ವಜನಿಕ ಗ್ರಂಥಾಲಯಗಳಿಗೆ ನೆರವು ಕೊಡುತ್ತಿದೆ. ಅಲ್ಲಿಗೆ ಅರ್ಜಿ ಹಾಕುವಾಗಲೂ ಈ ಗುರುತು ಉಪಯೋಗಕ್ಕೆ ಬರುತ್ತದೆ.

ಎರಡನೆಯದು ಗ್ರಾಮ ಪಂಚಾಯತು. ಊರಿನ ಯೋಜನೆಯನ್ನು ಊರವರೇ ಮಾಡಲಿ ಎಂದು ಬಂದ 1996ರ ಜನಕೀಯ ಯೋಜನೆಯಿಂದ ಕೇರಳದ ಪಂಚಾಯತುಗಳ ಕೈಯಲ್ಲಿ ನಿಜವಾದ ಹಣವಿದೆ. ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಇಂಥ ಕಡೆ ಕನ್ನಡ ಬಲ್ಲ ಸದಸ್ಯರೂ ಇದ್ದಾರೆ. ಆದರೆ ಪಂಚಾಯತು ಸಂಘದ ಕೈಗೆ ಹಾಗೇ ಹಣ ಕೊಡುವುದಿಲ್ಲ. ಯೋಜನೆ ಪಂಚಾಯತಿನದ್ದೇ ಆಗಿರುತ್ತದೆ, ನೀವು ಅದರ ಪ್ರಯೋಜನ ಪಡೆಯುವವರು. ಹಾಗಾಗಿ "ನಮ್ಮ ಸಂಘಕ್ಕೆ ಸಹಾಯ ಮಾಡಿ" ಎಂದು ಕೇಳಬೇಡಿ. "ಪಂಚಾಯತಿನ ಹತ್ತು ಶಾಲೆಗಳಿಗೆ ಕೇಳುವ ಪಾಠದ ವ್ಯವಸ್ಥೆ" ಎಂಬ ಯೋಜನೆಯಾಗಿ ಮುಂದಿಡಿ. ಇದು ಹೊಸ ಆರ್ಥಿಕ ವರ್ಷ ಶುರುವಾಗುವುದಕ್ಕೆ ಮೊದಲೇ ಪಂಚಾಯತಿನ ಯೋಜನೆ ತಯಾರಿಸುವ ವರ್ಕಿಂಗ್ ಗ್ರೂಪಿನಲ್ಲಿ ಬರಬೇಕು, ಗ್ರಾಮಸಭೆಯಲ್ಲಿ ಹೇಳಬೇಕು, ಅಭಿವೃದ್ಧಿ ಸೆಮಿನಾರಿನಲ್ಲಿ ಉಳಿಯಬೇಕು, ಜಿಲ್ಲಾ ಯೋಜನಾ ಸಮಿತಿಯ ಮಂಜೂರಾತಿ ಪಡೆಯಬೇಕು. ಜೂನ್‌ನಲ್ಲಿ ಮನವಿ ಹಿಡಿದು ಹೋದರೆ ಆ ವರ್ಷದ ಬಸ್ಸು ಹೊರಟಾಗಿರುತ್ತದೆ. ಗ್ರಾಮಸಭೆಗೆ ಸುಮ್ನೆ ಹೋಗಿ ಕೂರಬೇಡಿ. ಎದ್ದು ನಿಂತು ಹೇಳಿ, ಮಿನಿಟ್ಸ್‌ನಲ್ಲಿ ಬರೆಸಿ, ಬರೆದದ್ದನ್ನು ನೋಡಿಯೇ ಬನ್ನಿ.

ಮೂರನೆಯದು ಊರಿನ ಸೇವಾ ಸಹಕಾರಿ ಬ್ಯಾಂಕು. ಲಾಭದಲ್ಲಿರುವ ಸಹಕಾರಿ ಸಂಘಗಳು 'ಕಾಮನ್ ಗುಡ್ ಫಂಡ್' ಎಂದು ಒಂದು ಪಾಲು ತೆಗೆದಿಡುತ್ತವೆ. ಮೊತ್ತ ದೊಡ್ಡದಲ್ಲ. ಹತ್ತು ಸಾವಿರವೋ ಇಪ್ಪತ್ತು ಸಾವಿರವೋ ಸಿಕ್ಕರೆ ಕೈಪಿಡಿ ಅಚ್ಚಾಗುತ್ತದೆ. ಮಹಾಸಭೆಯ ಮುಂಚೆ ನಿರ್ದೇಶಕರನ್ನು ಕಾಣಿ.

ಶಾಲೆಗಳ ಬಗ್ಗೆ ಒಂದೇ ಮಾತು. ಕೇರಳದ ಶಾಲೆಗಳ ತಂತ್ರಜ್ಞಾನದ ಕೆಲಸ ನೋಡುವ ಸರ್ಕಾರಿ ಸಂಸ್ಥೆ ಕೈಟ್ 2020ರ ಜೂನ್‌ನಲ್ಲಿ ಶುರು ಮಾಡಿದ 'ಫಸ್ಟ್ ಬೆಲ್' ಟಿವಿ ಪಾಠಗಳಲ್ಲಿ ಕನ್ನಡ ಮಾಧ್ಯಮದವೂ ಇದ್ದವು. ಅಂದರೆ ಕನ್ನಡದಲ್ಲಿ ಪಾಠ ತಯಾರಿಸಬಲ್ಲ ಶಿಕ್ಷಕರು ಜಿಲ್ಲೆಯಲ್ಲೇ ಇದ್ದಾರೆ. ಶಾಲೆಗಳಲ್ಲಿ 'ಲಿಟಲ್ ಕೈಟ್ಸ್' ಎಂಬ ಐಟಿ ಕ್ಲಬ್ಬಿನ ಮಕ್ಕಳಿಗೆ ಕ್ಯಾಮೆರಾ, ಕಂಪ್ಯೂಟರ್ ತರಬೇತಿ ಸಿಕ್ಕಿರುತ್ತದೆ. ಇವರನ್ನು ಜೊತೆಗೆ ಸೇರಿಸಿಕೊಂಡರೆ ಖರ್ಚೂ ಇಳಿಯುತ್ತದೆ, ಅರ್ಜಿಗೂ ತೂಕ ಬರುತ್ತದೆ.

ಹೆಜ್ಜೆ 4: ಗಡಿ ದಾಟಿ ಕೇಳುವುದು

ಕರ್ನಾಟಕದ ಕಡೆ ಮೊದಲ ಹೆಸರು ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ. 2010ರ ಕಾಯ್ದೆಯಿಂದ ಬಂದದ್ದು. ರಾಜ್ಯದ ಹೊರಗಿನ ಗಡಿ ಪ್ರದೇಶದ ಕನ್ನಡ ಭವನ, ಶಾಲೆ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೂ ನೆರವು ಕೊಡುತ್ತದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘಸಂಸ್ಥೆಗಳ ಕಾರ್ಯಕ್ರಮಕ್ಕೆ, ವಾದ್ಯ ಮತ್ತು ವೇಷಭೂಷಣ ಕೊಳ್ಳುವುದಕ್ಕೆ ಧನಸಹಾಯ ಕೊಡುತ್ತದೆ. ಪ್ರಕಟಣೆ ಬಂದಾಗ ಕೊನೆಯ ದಿನಾಂಕಕ್ಕಿಂತ ಮೊದಲು ಅರ್ಹತೆಯ ಸಾಲು ಓದಿ. "ರಾಜ್ಯದಲ್ಲಿ ನೋಂದಾಯಿತ" ಎಂದಿದ್ದರೆ ನಿಮ್ಮ ಹೆಸರಿನಲ್ಲಿ ಆಗುವುದಿಲ್ಲ. "ಗಡಿನಾಡು, ಹೊರನಾಡು" ಎಂದಿದ್ದರೆ ಮುಂದುವರಿಯಿರಿ.

ಅಕಾಡೆಮಿಗಳನ್ನು ನಮ್ಮವರು ಮರೆಯುತ್ತಾರೆ. ಒಂದು ರೆಕಾರ್ಡಿಂಗ್ ಯೋಜನೆಯಲ್ಲಿ ಕನ್ನಡ, ತುಳು, ಬ್ಯಾರಿ, ಕೊಂಕಣಿ ಎಲ್ಲ ಬರುವುದು ಕಾಸರಗೋಡಿನಲ್ಲಿ ಸಹಜ. ಕರ್ನಾಟಕದಲ್ಲಿ ತುಳು, ಕೊಂಕಣಿ, ಬ್ಯಾರಿ ಭಾಷೆಗೆ ಒಂದೊಂದು ಅಕಾಡೆಮಿ ಇದೆ, ಯಕ್ಷಗಾನಕ್ಕೆ ಬೇರೆ ಇದೆ. ಕೇರಳದ ತುಳು ಅಕಾಡೆಮಿ ಮಂಜೇಶ್ವರದಲ್ಲೇ ಇದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯಲ್ಲಿ ಕೂತು ಯಕ್ಷಗಾನದ ಪದ ದಾಖಲಿಸುತ್ತೇವೆ ಎಂದರೆ ಅದಕ್ಕೆ ಬೇರೆ ಪೀಠಿಕೆ ಬೇಡ. ಇಡೀ ಯೋಜನೆಗೆ ಕೇಳಬೇಡಿ, ಅವರವರ ಭಾಷೆಯ ಕಂತುಗಳಿಗೆ ಮಾತ್ರ ಕೇಳಿ.

ಕೇಂದ್ರದ ಸಂಸ್ಕೃತಿ ಸಚಿವಾಲಯದ 'ಕಲಾ ಸಂಸ್ಕೃತಿ ವಿಕಾಸ ಯೋಜನೆ'ಯಲ್ಲಿ ವಿಚಾರಸಂಕಿರಣ, ಉತ್ಸವ, ಸಂಶೋಧನೆಗೆ ಸಂಸ್ಥೆಗಳಿಗೆ ಅನುದಾನ ಇದೆ, ಮಿತಿ ಸಾಮಾನ್ಯವಾಗಿ 5 ಲಕ್ಷ. ಒಬ್ಬೊಬ್ಬರೇ ಕೆಲಸ ಮಾಡುವವರಿಗೆ ಅದರದ್ದೇ ಫೆಲೋಶಿಪ್‌ಗಳು ಚೆನ್ನಾಗಿವೆ. 25ರಿಂದ 40 ವಯಸ್ಸಿನವರಿಗೆ ತಿಂಗಳಿಗೆ 10,000, 40 ದಾಟಿದವರಿಗೆ 20,000, ಎರಡು ವರ್ಷ. ಸಂಬಳದ ಆ 96,000ದ ತಲೆನೋವಿಗೆ ಇದೂ ಒಂದು ಮದ್ದು. ತಂಡದ ಒಬ್ಬರಿಗೆ ಫೆಲೋಶಿಪ್ ಸಿಕ್ಕರೆ ದಾಖಲಾತಿಯ ಕೆಲಸ ಎರಡು ವರ್ಷ ನಿಲ್ಲದೆ ನಡೆಯುತ್ತದೆ.

ಖಾಸಗಿಯವರಲ್ಲಿ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯ ಹೆಸರು ನೆನಪಿಡಿ. ಕಲಾ ಸಂಶೋಧನೆಗೆ, ಕಲಾವಿದರಿಗೆ ವೈಯಕ್ತಿಕವಾಗಿ ಅನುದಾನ ಕೊಡುತ್ತದೆ. ಪ್ರಸ್ತಾವವನ್ನು ಕನ್ನಡದಲ್ಲೇ ಬರೆಯಬಹುದು. ಅದರ 'ಕಲಿ-ಕಲಿಸು' ಶಿಕ್ಷಣ ಕಾರ್ಯಕ್ರಮ ಮಾತ್ರ ಕರ್ನಾಟಕದ ಶಾಲೆಗಳ ಸುತ್ತ ರೂಪುಗೊಂಡದ್ದು, ಕಾಸರಗೋಡಿನ ಶಾಲೆಗೆಂದು ಅದನ್ನು ಕೇಳಿ ಸಮಯ ಕಳೆಯಬೇಡಿ. ಪತ್ರಿಕೆಗಳಲ್ಲಿ ಕೆಲಸ ಮಾಡುವವರಿಗೆ ಕೇರಳ ಮೀಡಿಯಾ ಅಕಾಡೆಮಿಯ ಮಾಧ್ಯಮ ಸಂಶೋಧನಾ ಫೆಲೋಶಿಪ್‌ಗಳಿವೆ.

ಸಿಎಸ್‌ಆರ್ ಎಂದರೆ ಎಲ್ಲರಿಗೂ ಕಿವಿ ನೆಟ್ಟಗಾಗುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಶಿಕ್ಷಣ, ಸಾರ್ವಜನಿಕ ಗ್ರಂಥಾಲಯ, ಸಾಂಪ್ರದಾಯಿಕ ಕಲೆ ಇವೆಲ್ಲ ಆ ಕಾಯ್ದೆಯ ಏಳನೇ ಅನುಸೂಚಿಯಲ್ಲಿವೆ. ತಾನು ಕೆಲಸ ಮಾಡುವ ಜಾಗದ ಸುತ್ತಮುತ್ತಲಿಗೆ ಕಂಪನಿ ಆದ್ಯತೆ ಕೊಡಬೇಕು ಎಂದೂ ಇದೆ. ಹಾಗಾಗಿ ಮಂಗಳೂರಿನಲ್ಲಿ ಕಾರ್ಖಾನೆ ಇರುವವರನ್ನು ಮಂಜೇಶ್ವರದವರು ಕೇಳುವುದರಲ್ಲಿ ಅರ್ಥವಿದೆ. ನಿಮ್ಮ ಸಂಘಕ್ಕೆ 12ಎ, 80ಜಿ, ಸಿಎಸ್‌ಆರ್-1 ನೋಂದಣಿ (ಕಂಪನಿ ವ್ಯವಹಾರ ಸಚಿವಾಲಯದಲ್ಲಿ ಮಾಡಿಸುವುದು), ಮೂರು ವರ್ಷದ ಕೆಲಸದ ದಾಖಲೆ ಬೇಕು. ಇಷ್ಟೆಲ್ಲ ಇದ್ದೂ ಪರಿಚಯವಿಲ್ಲದ ಸಂಘದ ಮೇಲ್‌ಗೆ ಉತ್ತರ ಬರುವುದು ಅಪರೂಪ. ಎರಡು ವರ್ಷ ಊರಿನ ಹಣದಲ್ಲಿ ಕೆಲಸ ಮಾಡಿ ತೋರಿಸಿದ ಮೇಲೆ ಇತ್ತ ತಿರುಗುವುದು ವಾಸಿ.

ಗಲ್ಫಿನ ಹಣ ವಿದೇಶಿ ಹಣವೇ?

ಕಾಸರಗೋಡಿನಲ್ಲಿ ಈ ಪ್ರಶ್ನೆ ಬಾರದ ಸಭೆಯೇ ಇಲ್ಲ. ದುಬೈಯಲ್ಲಿರುವ ನಮ್ಮೂರಿನವರು 50,000 ಕಳಿಸುತ್ತೇವೆ ಅನ್ನುತ್ತಾರೆ. ತೆಗೆದುಕೊಳ್ಳಬಹುದಾ? ಕಳಿಸುವವರು ಭಾರತೀಯ ಪಾಸ್‌ಪೋರ್ಟ್ ಇರುವವರಾಗಿದ್ದು, ತಮ್ಮ ಸ್ವಂತ ಉಳಿತಾಯದಿಂದ, ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅವರ ಪಾಸ್‌ಪೋರ್ಟ್ ಪ್ರತಿ ತರಿಸಿ ಫೈಲಿನಲ್ಲಿಡಿ. ಆದರೆ ಅದೇ ಮನೆಯ ಇನ್ನೊಬ್ಬರು ಅಮೆರಿಕದ ಪೌರತ್ವ ಪಡೆದಿದ್ದರೆ, ಓಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಇದ್ದರೂ, ಅವರ ಹಣ ವಿದೇಶಿ ದೇಣಿಗೆಯೇ. ವಿದೇಶದ ಕಾನೂನಿನಡಿ ನೋಂದಾಯಿಸಿದ ಸಂಘದ ಹಣವೂ ಅಷ್ಟೇ. ರೂಪಾಯಿಯಲ್ಲಿ ಕೊಟ್ಟರೂ ವಿನಾಯಿತಿ ಇಲ್ಲ.

ವಿದೇಶಿ ದೇಣಿಗೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು. ಮೂರು ವರ್ಷದ ಅಸ್ತಿತ್ವ, ಆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿದ ಲೆಕ್ಕ, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಖಾತೆ, ಇಷ್ಟನ್ನೂ ಕೇಳುತ್ತಾರೆ. ನೋಂದಣಿ ಇರುವ ದೊಡ್ಡ ಸಂಸ್ಥೆ ತನ್ನ ವಿದೇಶಿ ಹಣವನ್ನು ನಿಮಗೆ ದಾಟಿಸುವುದಕ್ಕೂ 2020ರ ತಿದ್ದುಪಡಿ ತಡೆ ಹಾಕಿದೆ. ಮಾಧ್ಯಮದವರು ಇನ್ನೊಂದನ್ನು ನೆನಪಿಡಬೇಕು. ನೋಂದಾಯಿತ ಪತ್ರಿಕೆಯ ಮಾಲೀಕರು, ಸಂಪಾದಕರು, ಅಂಕಣಕಾರರು, ಪ್ರಕಾಶಕರು ವಿದೇಶಿ ದೇಣಿಗೆ ಪಡೆಯುವಂತಿಲ್ಲ. ಸುದ್ದಿ ಅಥವಾ ಪ್ರಚಲಿತ ವಿದ್ಯಮಾನದ ಆಡಿಯೋ, ವಿಡಿಯೋ ಮಾಡುವ ಸಂಸ್ಥೆಗೂ ಅದೇ ನಿಷೇಧ. ಕಥೆ, ಪಾಠ, ಜನಪದ ಎಂದು ಶುರುವಾದ ಚಾನೆಲಿನಲ್ಲಿ ಪಂಚಾಯತು ಚುನಾವಣೆಯ ಚರ್ಚೆ ಸೇರಿದರೆ ಲೆಕ್ಕ ಬದಲಾಗುತ್ತದೆ. ಸಣ್ಣ ಸಂಘಗಳಿಗೆ ನನ್ನ ಸಲಹೆ, ಈ ದಾರಿಯ ಯೋಚನೆಯನ್ನೇ ಬಿಡಿ.

ಸಮುದಾಯ ಬಾನುಲಿ ಬೇಕೇ?

ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಶುರುವಾದಾಗ ಹಳ್ಳಿಯ ಸಂಸ್ಥೆಗಳಿಗೆ ಬಾನುಲಿ ಪರವಾನಗಿಯೇ ಸಿಗುತ್ತಿರಲಿಲ್ಲ. ಅವರು ಕೇಬಲ್ ಎಳೆದು ಮನೆಗಳಿಗೆ ಕಾರ್ಯಕ್ರಮ ಮುಟ್ಟಿಸಿದರು. 2006ರಲ್ಲಿ ನಿಯಮ ಬದಲಾಗಿ ಲಾಭರಹಿತ ಸಂಸ್ಥೆಗಳಿಗೂ ಅವಕಾಶವಾಯಿತು. 2024ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಪರವಾನಗಿಯ ಅವಧಿ ಮೊದಲಿಗೆ 10 ವರ್ಷ, ಗಂಟೆಗೆ 12 ನಿಮಿಷ ಜಾಹೀರಾತು, ಸಲಹಾ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರು ಎಂದಿದೆ. ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಕಾರ್ಯಕ್ರಮ ಸ್ಥಳೀಯವಾಗಿ ತಯಾರಾಗಬೇಕು. ಸ್ವಂತ ಸುದ್ದಿ ಇಲ್ಲ, ಆಕಾಶವಾಣಿಯ ಸುದ್ದಿಯನ್ನು ಹಾಗೇ ಪ್ರಸಾರ ಮಾಡಬಹುದು. ಉಪಕರಣ ಕೊಳ್ಳಲು ಮಾಹಿತಿ ಮತ್ತು ಪ್ರಸಾರ ಸಚಿವಾಲಯದ ನೆರವಿನ ಯೋಜನೆ ಇದೆ.

ಆದರೆ ಟ್ರಾನ್ಸ್‌ಮಿಟರ್ ಸಿಗುವುದು ಸುಲಭ, ದಿನಾ ಕಾರ್ಯಕ್ರಮ ತುಂಬಿಸುವುದು ಕಷ್ಟ. ಕರೆಂಟ್ ಬಿಲ್ಲು, ದುರಸ್ತಿ, ಮೂರ್ನಾಲ್ಕು ಜನರ ಸಂಬಳ ಹತ್ತು ವರ್ಷ ಯಾರು ಕೊಡುತ್ತಾರೆ? ಈ ಪ್ರಶ್ನೆಗೆ ಹೆಸರು ಹಿಡಿದು ಉತ್ತರ ಹೇಳಲು ಆಗದಿದ್ದರೆ ಮೊಬೈಲಿನಲ್ಲಿ ಕೇಳುವ ಆಡಿಯೋ ಸರಣಿಯಿಂದ ಶುರು ಮಾಡಿ.

ಹೆಜ್ಜೆ 5: ಅರ್ಜಿ ಬರೆಯುವುದು

ಮೊದಲು ಭಾಷೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್ಟಿಗೆ, ಇಲಾಖಾ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು. ಈ ಹಕ್ಕನ್ನು ಬಿಡಬೇಡಿ. ಆದರೆ ಜೊತೆಗೆ ಒಂದು ಪುಟದ ಮಲಯಾಳ ಸಾರಾಂಶ ಇಡಿ. ಫೈಲಿನಲ್ಲಿ ಟಿಪ್ಪಣಿ ಬರೆಯುವ ಗುಮಾಸ್ತರಿಗೆ ಕನ್ನಡ ಬಾರದಿದ್ದರೆ ನಿಮ್ಮ ಹಕ್ಕು ಉಳಿದರೂ ಫೈಲು ಮೇಜಿನ ಮೇಲೇ ಉಳಿಯುತ್ತದೆ.

ಇನ್ನು ಒಕ್ಕಣೆ. ನಮ್ಮ ಅರ್ಜಿಗಳು ಹೀಗೆ ಶುರುವಾಗುತ್ತವೆ: "ಅಚ್ಚಗನ್ನಡ ನೆಲವಾದ ಕಾಸರಗೋಡಿನಲ್ಲಿ ಕನ್ನಡವು ಅಳಿವಿನಂಚಿನಲ್ಲಿದ್ದು..." ಎರಡು ಪುಟ ಇದೇ. ಓದುವ ಅಧಿಕಾರಿ ಇಂಥದ್ದನ್ನು ನೂರು ಓದಿರುತ್ತಾರೆ. ಅದರ ಬದಲು ಹೀಗೆ ಬರೆಯಬಹುದು: "ನಮ್ಮ ಪಂಚಾಯತಿನ ಹತ್ತು ಶಾಲೆಗಳಲ್ಲಿ ಮೂರರಿಂದ ಏಳನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಇಷ್ಟು ಮಕ್ಕಳಿದ್ದಾರೆ. ಪಠ್ಯದ ಹೊರಗೆ ಅವರಿಗೆ ಕನ್ನಡದಲ್ಲಿ ಕೇಳಲು ಶಾಲೆಯಲ್ಲಿ ಏನೂ ಇಲ್ಲ. ಒಂದು ವರ್ಷದಲ್ಲಿ ಹತ್ತು ನಿಮಿಷದ 40 ಕಂತು ಮಾಡುತ್ತೇವೆ. ವಾರಕ್ಕೊಂದು ಕೇಳಿಸುತ್ತೇವೆ. ಯಾವ ಶಾಲೆಯಲ್ಲಿ ಯಾವ ದಿನ ಎಂಬ ಪಟ್ಟಿ ಜೊತೆಗಿದೆ." ಮಕ್ಕಳ ಸಂಖ್ಯೆಯನ್ನು ಮುಖ್ಯೋಪಾಧ್ಯಾಯರಿಂದ ಬರೆಸಿ, ಸಹಿ ಮೊಹರು ಹಾಕಿಸಿ ಲಗತ್ತಿಸಿ. ಇಂಥ ಹತ್ತು ಪತ್ರ ಗಣ್ಯರ ಶಿಫಾರಸಿಗಿಂತ ಮೇಲು.

ಒಂದು ಮಾದರಿ ಕಂತು ಮಾಡಿ ಕಳಿಸಿ. ಮೊಬೈಲಿನಲ್ಲಿ ಮಾಡಿದ್ದಾದರೂ ಸರಿ, ದನಿ ಸ್ವಚ್ಛವಾಗಿರಲಿ. ಹಿನ್ನೆಲೆಯಲ್ಲಿ ಮಿಕ್ಸಿ ಸದ್ದು ಬೇಡ.

ಹಕ್ಕುಸ್ವಾಮ್ಯವನ್ನು ಯಾರೂ ಬಜೆಟಿನಲ್ಲಿ ಹಾಕುವುದಿಲ್ಲ. ಭಾರತದಲ್ಲಿ ಲೇಖಕರು ತೀರಿದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಮಂಜೇಶ್ವರ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅಂದರೆ ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳನ್ನು 2024ರಿಂದ ಯಾರ ಅನುಮತಿಯೂ ಇಲ್ಲದೆ ಓದಿ ರೆಕಾರ್ಡ್ ಮಾಡಬಹುದು. ಅವರ ಕಾಲಾನಂತರ ಮೊದಲ ಬಾರಿ ಅಚ್ಚಾದದ್ದಕ್ಕೆ ಲೆಕ್ಕ ಬೇರೆ. ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡದ್ದು 2015ರಲ್ಲಿ, ಅವರ ಪದ್ಯ ಬಳಸಬೇಕಾದರೆ ಹಕ್ಕುದಾರರ ಒಪ್ಪಿಗೆ ಬೇಕು. ಕಥೆ ಹೇಳುವ ಅಜ್ಜಿಯಿಂದಲೂ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಸಹಿ ಹಾಕಲು ಬಾರದಿದ್ದರೆ ರೆಕಾರ್ಡಿಂಗಿನ ಶುರುವಿನಲ್ಲೇ ಒಪ್ಪಿಗೆಯನ್ನು ಅವರ ದನಿಯಲ್ಲಿ ಹೇಳಿಸಿ. ಮಕ್ಕಳ ದನಿಗೆ ಹೆತ್ತವರ ಸಹಿ.

ಬೇರೆ ಗಡಿಗಳವರಿಗೆ

ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ಕಡೆಯವರಿಗೆ ಚಾರಿಟಿ ಕಮಿಷನರ್ ಕಚೇರಿ ಮುಖ್ಯ, ಅಲ್ಲಿ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿಯೂ ನೋಂದಣಿ ಬೇಕು. ಗ್ರಂಥಾಲಯಗಳಿಗೆ ಅಲ್ಲೂ ದರ್ಜೆವಾರು ಅನುದಾನ ಇದೆ. ತಾಳವಾಡಿ, ಹೊಸೂರಿನವರಿಗೆ ತಮಿಳುನಾಡಿನ 1975ರ ಸಂಘಗಳ ಕಾಯ್ದೆ. ಆದವಾನಿ, ಮಡಕಶಿರಾದವರಿಗೆ ಆಂಧ್ರದ 2001ರದ್ದು. ಕೇಂದ್ರದ ಯೋಜನೆಗಳು, ಸಿಎಸ್‌ಆರ್, ಗಡಿ ಪ್ರಾಧಿಕಾರದ ಮಾತು ಎಲ್ಲರಿಗೂ ಒಂದೇ.

ಹೆಜ್ಜೆ 6: ಹಣ ಬಂದ ಮೇಲೆ

ಮಂಜೂರಾತಿ ಪತ್ರ ಬಂತು ಎಂದರೆ ಹಣ ಬಂತು ಎಂದಲ್ಲ. ಎಷ್ಟೋ ಅನುದಾನಗಳು ಕಂತಿನಲ್ಲಿ ಬರುತ್ತವೆ, ಕೆಲವು ಕೆಲಸ ಮುಗಿದ ಮೇಲೆ ಬಿಲ್ಲು ನೋಡಿ ಬರುತ್ತವೆ. ಆದ್ದರಿಂದ ಪತ್ರ ಹಿಡಿದುಕೊಂಡು ಅಂಗಡಿಯಲ್ಲಿ ಸಾಲ ಮಾಡಬೇಡಿ. ಕೊನೆಯ ಕಂತು ಆರು ತಿಂಗಳು ತಡವಾದರೂ ನಿಭಾಯಿಸುವಷ್ಟು ಕೆಲಸವನ್ನೇ ಒಪ್ಪಿಕೊಳ್ಳಿ.

ದೊಡ್ಡ ಅನುದಾನಕ್ಕೆ ಪ್ರತ್ಯೇಕ ಖಾತೆ ಅಥವಾ ಕನಿಷ್ಠ ಪ್ರತ್ಯೇಕ ಲೆಡ್ಜರ್ ಇಡಿ. ಕಲಾವಿದರಿಗೆ ಕೊಡುವ ಗೌರವಧನವನ್ನೂ ಖಾತೆಗೇ ಹಾಕಿ. ನಗದು ಕೊಡಲೇಬೇಕಾದರೆ ವೋಚರಿನಲ್ಲಿ ಸಹಿ, ಫೋನ್ ನಂಬರು, ಕೆಲಸದ ದಿನಾಂಕ. ಕೊಂಡ ಉಪಕರಣದ ಸೀರಿಯಲ್ ನಂಬರನ್ನು ಸ್ಟಾಕ್ ರಿಜಿಸ್ಟರಿನಲ್ಲಿ ಬರೆದು, ಪೆಟ್ಟಿಗೆಯ ಫೋಟೋ ತೆಗೆದಿಡಿ. ನೋಡಲು ಬಂದವರು ಮೊದಲು ಕೇಳುವುದು ಅದನ್ನೇ.

ಕೇಂದ್ರದ ಅನುದಾನಕ್ಕೆ ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಬಳಕೆ ಪ್ರಮಾಣಪತ್ರ ಕೊಡಬೇಕು. ಎಲ್ಲರೂ ಯುಸಿ ಎನ್ನುವುದು ಇದನ್ನೇ. ನಮೂನೆ 12-ಎ (ಆದಾಯ ತೆರಿಗೆಯ 12ಎ ಬೇರೆ). ಖರ್ಚಾಗದೆ ಉಳಿದ ಹಣ, ಬಂದ ಬಡ್ಡಿ ಎರಡನ್ನೂ ತೋರಿಸಬೇಕು. 340 ರೂಪಾಯಿ ಉಳಿದಿದ್ದರೆ 340 ಎಂದೇ ಬರೆಯಿರಿ. ಸರಿಹೊಂದಿಸಲು ಟೀ ಬಿಲ್ಲು ಸೇರಿಸಬೇಡಿ. ಯುಸಿ ಬಾಕಿ ಇರುವ ಸಂಘಕ್ಕೆ ಮುಂದಿನ ಅನುದಾನ ನಿಲ್ಲುತ್ತದೆ. ಪದಾಧಿಕಾರಿಗಳು ಬದಲಾಗುವಾಗ ಇದು ಜಾಸ್ತಿ ಆಗುವುದರಿಂದ, ಹಳೇ ಕಾರ್ಯದರ್ಶಿಯಿಂದ ಹೊಸಬರಿಗೆ ಅಧಿಕಾರ ಹಸ್ತಾಂತರ ಮಾಡುವ ದಿನ ಯುಸಿ, ಬಿಲ್ಲಿನ ಫೈಲು, ಪೋರ್ಟಲಿನ ಪಾಸ್‌ವರ್ಡ್, ಆ ಪೋರ್ಟಲಿಗೆ ಕೊಟ್ಟ ಮೊಬೈಲ್ ನಂಬರ್ ನಾಲ್ಕನ್ನೂ ಮಿನಿಟ್ಸ್‌ನಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಹಳೇ ಕಾರ್ಯದರ್ಶಿ ಆಮೇಲೆ ಕೆಲಸಕ್ಕೆಂದು ಮಸ್ಕತ್‌ಗೆ ಹೋದರೆ ಒಟಿಪಿ ಅವರ ಹಳೇ ಸಿಮ್ಮಿಗೆ ಹೋಗುತ್ತಿರುತ್ತದೆ.